ಜಗತ್ತಿನ ಪುರಾಣಗಳ ರೆಫರೆನ್ಸ್ ಪುಸ್ತಕ: ಯಾವುದು ಯಾರಿಗೆ?

ಜಗತ್ತಿನ ಪುರಾಣಗಳ ಬಗ್ಗೆ ಒಂದು ಒಳ್ಳೆಯ ರೆಫರೆನ್ಸ್ ಪುಸ್ತಕ ಬೇಕು ಅಂತ ಹುಡುಕಿದರೆ ಮೊದಲು ಎದುರಾಗುವುದು ದಪ್ಪ ದಪ್ಪ, ಬಣ್ಣಬಣ್ಣದ ಸಂಪುಟಗಳು. ಎಲ್ಲ ಖಂಡಗಳ ದೇವರು, ರಾಕ್ಷಸರು, ವೀರರು ಒಂದೇ ರಟ್ಟಿನೊಳಗೆ. ನೋಡಿದ ಕೂಡಲೇ ಬೇಕು ಅನಿಸುತ್ತದೆ. ಆದರೆ ದಪ್ಪ ನೋಡಿ, ಹೆಸರುಗಳ ಲೆಕ್ಕ ನೋಡಿ ಆರಿಸಬೇಡಿ. ನಾನು ನೋಡುವುದು ಒಂದೇ ವಿಷಯ. ಕಥೆ ಹೇಳಿದ ಮೇಲೆ ಅದು ಯಾವ ಗ್ರಂಥದಿಂದ ಬಂತು, ಯಾವ ಕಾಲದ್ದು, ಯಾರು ಬರೆದಿಟ್ಟದ್ದು ಅಂತ ಆ ಪುಸ್ತಕ ಹೇಳುತ್ತದೆಯಾ? ಹೇಳಿದರೆ ಅದು ರೆಫರೆನ್ಸ್ ಪುಸ್ತಕ. ಹೇಳದಿದ್ದರೆ ಕಥೆಪುಸ್ತಕ. ಕಥೆಪುಸ್ತಕವೂ ಬೇಕು, ಆದರೆ ಅದರ ಕೆಲಸ ಬೇರೆ.

ಇದು ಯಾಕೆ ಇಷ್ಟು ಮುಖ್ಯ ಅಂತ ಒಂದು ಕಥೆ ಹಿಡಿದು ನೋಡೋಣ. ಗ್ರೀಕರ ಪರ್ಸೆಫೋನಿ ಕಥೆ ನಿಮಗೆ ಗೊತ್ತಿರಬಹುದು. ಪಾತಾಳದ ಒಡೆಯ ಹೇಡೀಸ್ ಅವಳನ್ನು ಹೊತ್ತುಕೊಂಡು ಹೋಗುತ್ತಾನೆ. ತಾಯಿ ಡಿಮೀಟರ್ ಪೈರು ಪಚ್ಚೆಯ ದೇವತೆ. ಮಗಳಿಲ್ಲದ ಸಂಕಟದಲ್ಲಿ ಭೂಮಿಯಲ್ಲಿ ಏನೂ ಮೊಳೆಯದ ಹಾಗೆ ಮಾಡಿಬಿಡುತ್ತಾಳೆ. ಕೊನೆಗೆ ಮಗಳು ವಾಪಸ್ ಬರುತ್ತಾಳೆ, ಆದರೆ ಪಾತಾಳದಲ್ಲಿ ದಾಳಿಂಬೆ ತಿಂದಿದ್ದಾಳೆ. ಹಾಗಾಗಿ ವರ್ಷದಲ್ಲಿ ಒಂದಿಷ್ಟು ಕಾಲ ಅಲ್ಲಿಗೆ ಹೋಗಲೇಬೇಕು.

ಎಷ್ಟು ಕಾಳು ತಿಂದಳು? ಎಷ್ಟು ತಿಂಗಳು ಹೋಗಬೇಕು? ಹೋಮರನ ಹೆಸರಿನಲ್ಲಿ ಉಳಿದುಬಂದಿರುವ ಡಿಮೀಟರ್ ಸ್ತುತಿಯಲ್ಲಿ ಒಂದೇ ಕಾಳು, ವರ್ಷದ ಮೂರನೇ ಒಂದು ಭಾಗ. ಶತಮಾನಗಳು ಕಳೆದ ಮೇಲೆ ರೋಮಿನ ಕವಿ ಓವಿಡ್ ‘ಮೆಟಮಾರ್ಫಸಿಸ್’ನಲ್ಲಿ ಹೇಳುವುದು ಏಳು ಕಾಳು, ಅರ್ಧ ವರ್ಷ. ಅದೇ ಓವಿಡ್ ತನ್ನ ‘ಫಾಸ್ಟಿ’ ಕಾವ್ಯದಲ್ಲಿ ಮೂರು ಕಾಳು ಅನ್ನುತ್ತಾನೆ. ಈಚಿನ ಎಷ್ಟೋ ಮಕ್ಕಳ ಪುಸ್ತಕಗಳಲ್ಲಿ ಆರು ಕಾಳು, ಆರು ತಿಂಗಳು ಅಂತ ಇರುತ್ತದೆ. ತಿಂಗಳಿಗೊಂದು ಕಾಳು ಅಂತ ಲೆಕ್ಕ ಚೆನ್ನಾಗಿ ಕೂರುತ್ತದೆ, ಅಲ್ವಾ?

ಪುಸ್ತಕ ಕೈಗೆ ಸಿಕ್ಕಾಗ ಮೊದಲು ಪರ್ಸೆಫೋನಿಯ ಪುಟ ತೆಗೆಯಿರಿ. ‘ಅವಳು ಆರು ಕಾಳು ತಿಂದಳು’ ಅಂತ ಬರೆದು ಸುಮ್ಮನಾಗಿದ್ದರೆ ಅದನ್ನು ಓದಲು ಇಟ್ಟುಕೊಳ್ಳಿ, ನಂಬಿ ಬರೆಯಲು ಬೇಡ. ‘ಸ್ತುತಿಯಲ್ಲಿ ಹೀಗೆ, ಓವಿಡ್‌ನಲ್ಲಿ ಹಾಗೆ’ ಅಂತ ಬಿಡಿಸಿ ಹೇಳಿದ್ದರೆ ಅಂಥ ಪುಸ್ತಕವನ್ನು ಬಿಡಬೇಡಿ. ಎರಡು ನಿಮಿಷದ ಈ ಪರೀಕ್ಷೆ ಪುಸ್ತಕದ ಹಿಂಬದಿಯ ಹೊಗಳಿಕೆಗಿಂತ ಜಾಸ್ತಿ ಹೇಳುತ್ತದೆ.

ಇಡೀ ಜಗತ್ತು ಒಂದೇ ಸಂಪುಟದಲ್ಲಿ

ಇಂಥ ಪುಸ್ತಕಗಳನ್ನು ಎರಡು ರೀತಿ ಜೋಡಿಸಿರುತ್ತಾರೆ. ಒಂದು, ನಿಘಂಟಿನ ಹಾಗೆ ಅಕ್ಷರಕ್ರಮದಲ್ಲಿ. ಇನ್ನೊಂದು, ಪ್ರದೇಶವಾರು ಅಧ್ಯಾಯಗಳಲ್ಲಿ.

ಅಕ್ಷರಕ್ರಮದ್ದಕ್ಕೆ ಒಳ್ಳೆಯ ಉದಾಹರಣೆ ಡೇವಿಡ್ ಲೀಮಿಂಗ್ ಅವರ ‘ಆಕ್ಸ್‌ಫರ್ಡ್ ಕಂಪ್ಯಾನಿಯನ್ ಟು ವರ್ಲ್ಡ್ ಮಿಥಾಲಜಿ’ (2005). ಎಲ್ಲೋ ಓದುವಾಗ ಒಂದು ಹೆಸರು ಸಿಕ್ಕಿತು, ಯಾರಿದು ಅಂತ ತಕ್ಷಣ ಗೊತ್ತಾಗಬೇಕು ಅನ್ನುವವರಿಗೆ ಇದು ಅನುಕೂಲ. ಪ್ರಳಯ, ಪಾತಾಳಕ್ಕೆ ಇಳಿಯುವುದು ಇಂಥ ಸಮಾನ ವಿಷಯಗಳಿಗೂ ಪ್ರತ್ಯೇಕ ಬರಹಗಳಿವೆ. ತೊಂದರೆ ಏನೆಂದರೆ, ದೇವರುಗಳು ತಮ್ಮ ಮನೆಮಂದಿಯಿಂದ ಬೇರೆಯಾಗಿಬಿಡುತ್ತಾರೆ. ಉತ್ತರ ಯುರೋಪಿನ ನಾರ್ಸ್ ಪುರಾಣದ ಲೋಕಿ ಯಾರು ಅಂತ ತಿಳಿಯಬೇಕಾದರೆ ಓಡಿನ್, ಥಾರ್, ಬಾಲ್ಡರ್ ಎಲ್ಲರೂ ಬೇಕು. ಅಕ್ಷರಕ್ರಮದಲ್ಲಿ ಅವರೆಲ್ಲ ಒಬ್ಬೊಬ್ಬರು ಒಂದೊಂದು ಮೂಲೆ.

ಆರ್ಥರ್ ಕಾಟರೆಲ್ ಅವರ ‘ಎ ಡಿಕ್ಷನರಿ ಆಫ್ ವರ್ಲ್ಡ್ ಮಿಥಾಲಜಿ’ (1979) ಇದಕ್ಕೆ ಒಂದು ಉಪಾಯ ಮಾಡಿದೆ. ಮೊದಲು ಪ್ರದೇಶ, ಅದರೊಳಗೆ ಅಕ್ಷರಕ್ರಮ. ಹೆಸರುಗಳು ಕಡಿಮೆ, ಬರಹಗಳೂ ಚಿಕ್ಕವು, ಆದರೆ ಒಂದು ನಾಡಿನ ದೇವರುಗಳು ಅಕ್ಕಪಕ್ಕದಲ್ಲೇ ಸಿಗುತ್ತಾರೆ.

ಮೊದಲ ಪುಸ್ತಕ ಯಾವುದು ಅಂತ ಕೇಳಿದರೆ ನನ್ನ ಆಯ್ಕೆ ರಾಯ್ ವಿಲ್ಲಿಸ್ ಸಂಪಾದಿಸಿದ ‘ವರ್ಲ್ಡ್ ಮಿಥಾಲಜಿ’ (1993). ಪ್ರದೇಶವಾರು ಅಧ್ಯಾಯಗಳು. ಒಬ್ಬರೇ ಎಲ್ಲವನ್ನೂ ಬರೆದಿಲ್ಲ, ಬೇರೆ ಬೇರೆ ಭಾಗಗಳನ್ನು ಬೇರೆ ಬೇರೆ ವಿದ್ವಾಂಸರು ಬರೆದಿದ್ದಾರೆ. ಜಗತ್ತಿನ ಎಲ್ಲ ಪುರಾಣಗಳನ್ನೂ ಮೂಲದಲ್ಲಿ ಓದಿ ಬರೆಯುವುದು ಒಬ್ಬ ಮನುಷ್ಯನ ಕೈಲಿ ಆಗುವ ಕೆಲಸ ಅಲ್ಲ. ಆದ್ದರಿಂದ ಜಾಗತಿಕ ಪುಸ್ತಕ ಕೊಳ್ಳುವಾಗ ಹಲವರು ಬರೆದದ್ದಕ್ಕೆ ನನ್ನ ಒಲವು.

‘ಲಾರೂಸ್ ಎನ್‌ಸೈಕ್ಲೊಪೀಡಿಯಾ ಆಫ್ ಮಿಥಾಲಜಿ’ ಅನ್ನುವ ದೊಡ್ಡ ಪುಸ್ತಕ ಹಳೆ ಪುಸ್ತಕಗಳ ಸಾಲಿನಲ್ಲಿ ಈಗಲೂ ಸಿಗುತ್ತದೆ. ಶಿಲ್ಪ, ಚಿತ್ರಗಳ ಫೋಟೊಗಳೇ ಅದರ ಆಕರ್ಷಣೆ. ಇಂಗ್ಲಿಷಿಗೆ ಬಂದದ್ದು 1959ರಲ್ಲಿ, ಆದರೆ ಮೂಲ ಫ್ರೆಂಚ್ ಪುಸ್ತಕ 1935ರದ್ದು. ಚಿತ್ರ ನೋಡಲು ಸರಿ. ಮಾಹಿತಿಗೆ ಅದೊಂದನ್ನೇ ನಂಬಿಕೊಳ್ಳಬೇಡಿ.

ಯಾವ ಜಾಗತಿಕ ಸಂಪುಟವೇ ಆಗಲಿ, ಪರ್ಸೆಫೋನಿ ಆದ ಮೇಲೆ ಆಫ್ರಿಕಾದ ಅಧ್ಯಾಯ ತೆರೆದು ನೋಡಿ. ಯೊರುಬಾ, ಡೋಗಾನ್, ಸಾನ್ ಅಂತ ಜನಾಂಗಗಳ ಹೆಸರು ಹಿಡಿದು ಕಥೆ ಹೇಳಿದ್ದಾರಾ? ಅಥವಾ ‘ಆಫ್ರಿಕನ್ನರ ನಂಬಿಕೆ ಪ್ರಕಾರ’ ಅಂತ ಇಡೀ ಖಂಡವನ್ನು ಒಂದೇ ಮೂಟೆ ಕಟ್ಟಿದ್ದಾರಾ? ಉತ್ತರ ಅಮೆರಿಕದ ಮೂಲನಿವಾಸಿಗಳ ಪುಟಗಳಲ್ಲೂ ಇದೇ ನೋಡಿ. ನವಾಹೋ ಜನರ ಕಥೆ ಬೇರೆ, ಹೈಡಾ ಜನರದ್ದು ಬೇರೆ, ಇನ್ಯುಯಿಟ್ ಜನರದ್ದು ಇನ್ನೂ ಬೇರೆ. ಗ್ರೀಸಿಗೆ ಎಪ್ಪತ್ತು ಪುಟ ಕೊಟ್ಟು ಒಂದು ಖಂಡಕ್ಕೆ ಏಳು ಪುಟ ಕೊಡುವ ಪುಸ್ತಕ ತನ್ನನ್ನು ಜಗತ್ತಿನ ಪುಸ್ತಕ ಅಂತ ಕರೆದುಕೊಂಡರೆ ನನಗೆ ಬೇಸರವಾಗುತ್ತದೆ.

ಗ್ರೀಕ್ ಪುರಾಣ: ಪುಸ್ತಕ ಜಾಸ್ತಿ, ಗೊಂದಲವೂ ಜಾಸ್ತಿ

ಇಂಗ್ಲಿಷಿನಲ್ಲಿ ಗ್ರೀಕ್ ಪುರಾಣಕ್ಕೆ ಇರುವಷ್ಟು ಪುಸ್ತಕ ಇನ್ಯಾವುದಕ್ಕೂ ಕಾಣುವುದಿಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು.

ಥಾಮಸ್ ಬುಲ್‌ಫಿಂಚ್ ‘ದಿ ಏಜ್ ಆಫ್ ಫೇಬಲ್’ ಬರೆದದ್ದು 1855ರಲ್ಲಿ. ಇಂಗ್ಲಿಷ್ ಕಾವ್ಯ ಓದುವ ಸಾಮಾನ್ಯ ಓದುಗರಿಗೆ ಅದರಲ್ಲಿ ಬರುವ ದೇವರುಗಳ ಪರಿಚಯವಾಗಲಿ ಅಂತ ಬರೆದ ಪುಸ್ತಕ. ದೇವರುಗಳಿಗೆ ರೋಮನ್ ಹೆಸರು: ಜ್ಯೂಸ್ ಅಲ್ಲ, ಜುಪಿಟರ್. ಪರ್ಸೆಫೋನಿ ಅಲ್ಲ, ಪ್ರಾಸರ್ಪೈನ್. ಕಥೆಗಳು ಬಹುಪಾಲು ಓವಿಡ್‌ನಿಂದ ಬಂದವು. ಕಾಮ, ಕ್ರೌರ್ಯ ಇದ್ದ ಕಡೆ ಮೃದುವಾಗಿ ದಾಟಿಹೋಗುತ್ತಾರೆ. ಉಚಿತವಾಗಿ ಸಿಗುತ್ತದೆ, ಓದಲು ಸುಖ. ಆದರೆ ಗ್ರೀಕರು ಏನು ಹೇಳಿದರು ಅಂತ ತಿಳಿಯಲು ಇದು ದಾರಿಯಲ್ಲ.

ಈಡಿತ್ ಹ್ಯಾಮಿಲ್ಟನ್ ಅವರ ‘ಮಿಥಾಲಜಿ’ (1942) ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಪ್ರತಿ ಕಥೆಯ ಮೊದಲು ಅದನ್ನು ಯಾವ ಕವಿಯಿಂದ ತೆಗೆದುಕೊಂಡೆ ಅಂತ ಹೇಳುತ್ತಾರೆ. ಓವಿಡ್‌ನನ್ನು ಆದಷ್ಟೂ ದೂರ ಇಟ್ಟಿದ್ದೇನೆ ಅಂತ ಮುನ್ನುಡಿಯಲ್ಲೇ ಬರೆದಿದ್ದಾರೆ. ಆ ತೀರ್ಮಾನ ನಿಮಗೆ ಒಪ್ಪಿಗೆಯಾಗಲಿ ಬಿಡಲಿ, ಅವರು ಮುಚ್ಚಿಡದೆ ಹೇಳಿದ್ದಾರೆ. ಅದೇ ನನಗೆ ಇಷ್ಟ. ಕೊನೆಯಲ್ಲಿ ನಾರ್ಸ್ ಪುರಾಣಕ್ಕೂ ಒಂದು ಚಿಕ್ಕ ಭಾಗ ಇದೆ, ಅದನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ.

ರಾಬರ್ಟ್ ಗ್ರೇವ್ಸ್ ಅವರ ‘ದಿ ಗ್ರೀಕ್ ಮಿಥ್ಸ್’ (1955) ಬಗ್ಗೆ ಎಚ್ಚರಿಕೆಯಿಂದ ಹೇಳಬೇಕು. ಕವಿ ಬರೆದ ಪುಸ್ತಕ, ಭಾಷೆ ಅದ್ಭುತ. ಪ್ರತಿ ಅಧ್ಯಾಯದಲ್ಲಿ ಕಥೆ, ಆಮೇಲೆ ಮೂಲಗಳ ಪಟ್ಟಿ, ಆಮೇಲೆ ಅವರ ವಿವರಣೆ. ಮೂಲಗಳ ಪಟ್ಟಿ ನೋಡಿ ಇದು ಭಾರೀ ಪಾಂಡಿತ್ಯದ ಪುಸ್ತಕ ಅನಿಸುತ್ತದೆ. ಆದರೆ ಹಲವು ಮೂಲಗಳ ವಿವರಗಳನ್ನು ಒಂದೇ ಕಥೆಯಾಗಿ ಹೆಣೆದಿರುತ್ತಾರೆ, ಯಾವ ಎಳೆ ಯಾರದು ಅಂತ ಬಿಡಿಸುವುದು ಕಷ್ಟ. ವಿವರಣೆಯ ಭಾಗವಂತೂ ಅವರದೇ ಸಿದ್ಧಾಂತದ ಮೇಲೆ ನಿಂತಿದೆ. ಪ್ರಾಚೀನ ಯುರೋಪಿನಲ್ಲಿ ಮಾತೃದೇವತೆಯ ಆರಾಧನೆ ಇತ್ತು, ಹೊರಗಿನಿಂದ ಬಂದವರು ಅದನ್ನು ತುಳಿದರು, ಆ ನೆನಪೇ ಈ ಕಥೆಗಳು ಅನ್ನುವ ವಾದ. ಗ್ರೀಕ್ ಪುರಾಣದ ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ಕಥೆ ಓದಿ, ಪಟ್ಟಿ ಹಿಡಿದು ಮೂಲಕ್ಕೆ ಹೋಗಿ, ವಿವರಣೆಯನ್ನು ಒಬ್ಬ ಕವಿಯ ಕಲ್ಪನೆ ಅಂತ ಓದಿ.

ನಿಘಂಟು ಬೇಕಾದರೆ ಪಿಯರ್ ಗ್ರಿಮಾಲ್ ಅವರದ್ದು ಗಟ್ಟಿ. ಫ್ರೆಂಚಿನಲ್ಲಿ 1951ರಲ್ಲಿ ಬಂತು, ಇಂಗ್ಲಿಷಿನಲ್ಲಿ 1986ರಲ್ಲಿ. ವಂಶವೃಕ್ಷಗಳಿವೆ, ಮೂಲಗಳ ಉಲ್ಲೇಖವಿದೆ. ಇನ್ನೂ ಆಳಕ್ಕೆ ಹೋಗುವವರಿಗೆ ಟಿಮೊಥಿ ಗಾಂಟ್ಜ್ ಅವರ ‘ಅರ್ಲಿ ಗ್ರೀಕ್ ಮಿಥ್’ (1993). ಒಂದು ಕಥೆ ಹೋಮರನಲ್ಲಿ ಹೇಗಿದೆ, ಇನ್ನೊಬ್ಬ ಪ್ರಾಚೀನ ಗ್ರೀಕ್ ಕವಿ ಹೆಸಿಯಡ್‌ನಲ್ಲಿ ಹೇಗಿದೆ, ಹಳೆಯ ಮಡಕೆಗಳ ಚಿತ್ರದಲ್ಲಿ ಹೇಗಿದೆ ಅಂತ ಒಂದೊಂದಾಗಿ ಬಿಡಿಸುತ್ತಾರೆ. ಹಾಸಿಗೆಯಲ್ಲಿ ಮಲಗಿ ಓದುವ ಪುಸ್ತಕ ಅಲ್ಲ. ಆದರೆ ಕಾದಂಬರಿಕಾರರಿಗೆ, ಸಂಶೋಧಕರಿಗೆ ಇದರಷ್ಟು ಉಪಕಾರ ಮಾಡುವ ಪುಸ್ತಕ ಕಡಿಮೆ.

ಇಷ್ಟೆಲ್ಲ ಇದ್ದರೂ ಎಷ್ಟೋ ಜನ ಮರೆಯುವ ಒಂದು ವಿಷಯ ಇದೆ. ಗ್ರೀಕರೇ ಒಂದು ಪುರಾಣ ಕೈಪಿಡಿ ಬರೆದಿಟ್ಟಿದ್ದಾರೆ! ಅಪೊಲೊಡೋರಸ್ ಹೆಸರಿನಲ್ಲಿ ಉಳಿದಿರುವ ‘ಬಿಬ್ಲಿಯೊಥೀಕಾ’. ಕ್ರಿ.ಶ. 1 ಅಥವಾ 2ನೇ ಶತಮಾನದ್ದು. ದೇವರುಗಳ ಹುಟ್ಟಿನಿಂದ ಟ್ರಾಯ್ ಯುದ್ಧದವರೆಗೆ, ಬಣ್ಣ ಹಚ್ಚದೆ, ಸರಸರ ಹೇಳಿಕೊಂಡು ಹೋಗುತ್ತದೆ. ರಾಬಿನ್ ಹಾರ್ಡ್ ಅವರ 1997ರ ಅನುವಾದ ಚಿಕ್ಕದು, ಟಿಪ್ಪಣಿಗಳು ಚೊಕ್ಕ. ಜೇಮ್ಸ್ ಫ್ರೇಜರ್ ಅವರ 1921ರ ಅನುವಾದ ಉಚಿತವಾಗಿ ಸಿಗುತ್ತದೆ. ಅದರ ಅಡಿಟಿಪ್ಪಣಿಗಳು ಎಷ್ಟೋ ಪುಟಗಳಲ್ಲಿ ಕಥೆಗಿಂತ ಉದ್ದ, ಅದೇ ಕಥೆ ಇನ್ಯಾರ್ಯಾರಲ್ಲಿ ಬರುತ್ತದೆ ಅಂತ ಪಟ್ಟಿ ಮಾಡಿರುತ್ತಾರೆ. ಗ್ರೀಕ್ ಪುರಾಣಕ್ಕೆ ಎರಡೇ ಪುಸ್ತಕ ಅಂದರೆ ನನ್ನ ಕೈ ಹೋಗುವುದು ಗ್ರಿಮಾಲ್ ಮತ್ತು ಅಪೊಲೊಡೋರಸ್ ಕಡೆಗೆ.

ನಾರ್ಸ್: ಇಲ್ಲಿ ಆಯ್ಕೆ ಸುಲಭ

ಓಡಿನ್, ಥಾರ್ ಕಥೆಗಳಿಗೆ ಮೂಲ ಬಹಳ ಕಡಿಮೆ. ಮುಖ್ಯವಾದದ್ದು ಎರಡು ‘ಎಡ್ಡಾ’ಗಳು. ಒಂದು ಹಳೆಯ ಹಾಡುಗಳ ಸಂಗ್ರಹ. ಇನ್ನೊಂದು ಐಸ್‌ಲ್ಯಾಂಡಿನ ಸ್ನೋರಿ ಸ್ಟರ್ಲುಸನ್ 1220ರ ಸುಮಾರಿಗೆ ಬರೆದ ಗದ್ಯ. ಐಸ್‌ಲ್ಯಾಂಡ್ ಕ್ರೈಸ್ತ ಧರ್ಮ ಒಪ್ಪಿಕೊಂಡು ಆಗಲೇ ಎರಡು ಶತಮಾನ ಆಗಿತ್ತು. ನಾವು ‘ನಾರ್ಸ್ ಪುರಾಣ’ ಅಂತ ಓದುವ ಕಥೆಗಳಲ್ಲಿ ಹೆಚ್ಚಿನವು ಈ ಒಬ್ಬ ಮನುಷ್ಯ ಜೋಡಿಸಿಕೊಟ್ಟ ರೂಪದಲ್ಲಿವೆ.

ಓಡಿನ್‌ನ ಮಗ ಬಾಲ್ಡರ್‌ನ ಸಾವನ್ನೇ ತೆಗೆದುಕೊಳ್ಳಿ. ಲೋಕಿ ಮೋಸ ಮಾಡಿ, ಕುರುಡ ಹೋಡರ್ ಕೈಗೆ ಮಿಸಲ್‌ಟೋ ಅನ್ನುವ ಬಂದಳಿಕೆ ಗಿಡದ ಕಡ್ಡಿ ಕೊಟ್ಟು ಎಸೆಸಿದ ಅನ್ನುವುದು ಸ್ನೋರಿಯ ಕಥೆ. ಅದಕ್ಕೂ ಸ್ವಲ್ಪ ಮೊದಲು ಡೆನ್ಮಾರ್ಕಿನ ಸ್ಯಾಕ್ಸೊ ಲ್ಯಾಟಿನ್‌ನಲ್ಲಿ ಬರೆದ ಇತಿಹಾಸದಲ್ಲಿ ಹೋಡರ್ ಒಬ್ಬ ವೀರ. ಅವನಿಗೂ ಬಾಲ್ಡರ್‌ಗೂ ನಾನ್ನಾ ಅನ್ನುವ ಹೆಣ್ಣಿಗಾಗಿ ಜಗಳ. ಕೊಲ್ಲುವುದು ಕತ್ತಿಯಿಂದ. ಲೋಕಿಯ ಸುಳಿವೇ ಇಲ್ಲ! ಇದನ್ನು ಹೇಳದ ನಾರ್ಸ್ ರೆಫರೆನ್ಸ್ ಪುಸ್ತಕ ಅರ್ಧ ಪುಸ್ತಕ.

ರುಡಾಲ್ಫ್ ಸಿಮೆಕ್ ಅವರ ‘ಡಿಕ್ಷನರಿ ಆಫ್ ನಾರ್ದರ್ನ್ ಮಿಥಾಲಜಿ’ (ಜರ್ಮನ್ 1984, ಇಂಗ್ಲಿಷ್ 1993) ಮತ್ತು ಜಾನ್ ಲಿಂಡೋ ಅವರ 2001ರ ಕೈಪಿಡಿ, ಎರಡೂ ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಓದಿಸಿಕೊಂಡು ಹೋಗುವುದು ಲಿಂಡೋ. ಹೆಸರಿನ ಮೂಲ, ಶಾಸನ, ಪೂಜೆಯ ಕುರುಹು ಎಲ್ಲ ಬೇಕು ಅಂದರೆ ಸಿಮೆಕ್. ನೀಲ್ ಗೈಮನ್ ಅವರ 2017ರ ಮರುಕಥನ ಸೊಗಸಾಗಿದೆ. ಓದಿ ಖುಷಿಪಡಿ, ಆದರೆ ಅದರಿಂದ ಉಲ್ಲೇಖ ಮಾಡಬೇಡಿ.

ಹಳೆಯದೋ ಹೊಸದೋ?

ಪುರಾಣ ಹಳೆಯದು, ಹಾಗಾಗಿ ಪುಸ್ತಕ ಯಾವ ವರ್ಷದ್ದಾದರೇನು ಅಂತ ಕೆಲವರಿಗೆ ಅನಿಸಬಹುದು. ವರ್ಷ ತುಂಬ ಮುಖ್ಯ. ಮದ್ಯದ ದೇವರು ಡಯನೈಸಸ್ ಹೊರಗಿನಿಂದ ಗ್ರೀಸಿಗೆ ತಡವಾಗಿ ಬಂದ ದೇವರು ಅಂತ ಒಂದು ಕಾಲದಲ್ಲಿ ವಿದ್ವಾಂಸರು ಬರೆಯುತ್ತಿದ್ದರು. 1952ರಲ್ಲಿ ಮೈಕೆಲ್ ವೆಂಟ್ರಿಸ್ ಲೀನಿಯರ್ ಬಿ ಅನ್ನುವ ಪ್ರಾಚೀನ ಗ್ರೀಕ್ ಲಿಪಿಯನ್ನು ಓದಿದರು. ಆಮೇಲೆ ನೋಡಿದರೆ ಕ್ರಿ.ಪೂ. 1200ರ ಸುಮಾರಿನ ಹಲಗೆಗಳಲ್ಲೇ ಆ ಹೆಸರು ಇತ್ತು. ನಿಮ್ಮ ಪುಸ್ತಕ ಇನ್ನೂ ‘ತಡವಾಗಿ ಬಂದ ದೇವರು’ ಅನ್ನುತ್ತಿದ್ದರೆ ಅದರ ವಯಸ್ಸು ಗೊತ್ತಾಗುತ್ತದೆ. ಮಧ್ಯ ಅಮೆರಿಕದ ಮಾಯಾ ಜನರ ಲಿಪಿಯೂ ಅಷ್ಟೇ. ಅದನ್ನು ಸರಿಯಾಗಿ ಓದಲು ದಾರಿ ಸಿಕ್ಕಿದ್ದು 1950ರ ದಶಕದ ನಂತರ. ಅದಕ್ಕೂ ಹಿಂದಿನ ಪುಸ್ತಕಗಳ ಮಾಯಾ ಅಧ್ಯಾಯ ಬಿಟ್ಟುಬಿಡಿ.

ಪ್ರಾಚೀನ ಮೆಸೊಪೊಟೇಮಿಯಾದ (ಈಗಿನ ಇರಾಕ್ ಕಡೆಯ) ರಾಜ ಗಿಲ್ಗಮೇಶ್‌ನ ಕಥೆ ಇನ್ನೂ ಹತ್ತಿರದ್ದು. ಜೇಡಿಮಣ್ಣಿನ ಹಲಗೆಗಳ ಚೂರುಗಳು ಈಗಲೂ ಸಿಗುತ್ತಿವೆ. 2011ರಲ್ಲಿ ಇರಾಕಿನ ಸುಲೈಮಾನಿಯಾ ಮ್ಯೂಸಿಯಂ ಕೊಂಡ ಒಂದು ತುಂಡು 2014ರಲ್ಲಿ ಪ್ರಕಟವಾಯಿತು. ದೇವದಾರು ಕಾಡಿನಲ್ಲಿ ಹಕ್ಕಿ, ಜೀರುಂಡೆ, ಕೋತಿಗಳ ಗದ್ದಲ ಎಷ್ಟಿತ್ತು ಅನ್ನುವ ಸಾಲುಗಳು ಅದರಿಂದಲೇ ನಮಗೆ ಸಿಕ್ಕಿದ್ದು. ಹಳೆ ಅನುವಾದಗಳಲ್ಲಿ ಆ ಕಾಡು ಮೌನವಾಗಿದೆ. ಹಾಗಾಗಿ ಗಿಲ್ಗಮೇಶ್ ಕೊಳ್ಳುವಾಗ ಆಂಡ್ರೂ ಜಾರ್ಜ್ ಅವರ ಅನುವಾದದ ಇತ್ತೀಚಿನ ಆವೃತ್ತಿಯನ್ನೇ ಕೇಳಿ. ಉಳಿದ ಮೆಸೊಪೊಟೇಮಿಯಾ ಕಥೆಗಳಿಗೆ ಸ್ಟೆಫನಿ ಡ್ಯಾಲಿ ಅವರ ಅನುವಾದ ಸಂಗ್ರಹ (1989), ಜೊತೆಗೆ ಜೆರೆಮಿ ಬ್ಲ್ಯಾಕ್ ಮತ್ತು ಆಂಥನಿ ಗ್ರೀನ್ ಅವರ ಸಚಿತ್ರ ನಿಘಂಟು (1992). ಈ ಜೋಡಿ ಇದ್ದರೆ ಬಹಳ ಕಾಲ ಬೇರೇನೂ ಬೇಕಾಗುವುದಿಲ್ಲ.

ಹಳೆಯ ಉಚಿತ ಅನುವಾದಗಳಲ್ಲಿ ಇನ್ನೊಂದು ತೊಡಕು ಇದೆ. ಜಪಾನಿನ ‘ಕೊಜಿಕಿ’ (712) ಕೃತಿಯನ್ನು ಬಿ. ಎಚ್. ಚೇಂಬರ್ಲೇನ್ 1882ರಲ್ಲಿ ಇಂಗ್ಲಿಷಿಗೆ ತಂದರು. ಅಶ್ಲೀಲ ಅನಿಸಿದ ಭಾಗಗಳನ್ನು ಮಾತ್ರ ಲ್ಯಾಟಿನ್‌ನಲ್ಲಿ ಬರೆದರು, ಸಾಮಾನ್ಯ ಓದುಗರಿಗೆ ಅರ್ಥವಾಗದಿರಲಿ ಅಂತ. ಸೃಷ್ಟಿಯ ಕಥೆಯಲ್ಲಿ ದಂಪತಿಗಳ ಕೂಡುವಿಕೆಯೇ ಮುಖ್ಯ ಘಟನೆ, ಅದೇ ಅರ್ಥವಾಗದಿದ್ದರೆ ಹೇಗೆ? ಡೊನಾಲ್ಡ್ ಫಿಲಿಪ್ಪಿ ಅವರ 1968ರ ಅನುವಾದ ಆ ಮುಜುಗರ ಇಟ್ಟುಕೊಂಡಿಲ್ಲ, ಟಿಪ್ಪಣಿಗಳೂ ಧಾರಾಳ.

ಉಳಿದ ನಾಡುಗಳಿಗೆ

ಈಜಿಪ್ಟಿಗೆ ಜೆರಾಲ್ಡಿನ್ ಪಿಂಚ್ ಅವರ ಕೈಪಿಡಿ (2002) ಸಾಕು. ಅಲ್ಲಿನ ಪರಲೋಕದ ದೇವರು ಒಸಿರಿಸ್ ಕಥೆ ಆದಿಯಿಂದ ಅಂತ್ಯದವರೆಗೆ ಒಂದೇ ಓಟದಲ್ಲಿ ನಮಗೆ ಸಿಗುವುದು ಪ್ಲುಟಾರ್ಕ್ ಅನ್ನುವ ಗ್ರೀಕನಿಂದ. ಈಜಿಪ್ಟಿನ ಗ್ರಂಥಗಳಲ್ಲಿ ಅದು ಚೂರುಚೂರಾಗಿ ಬರುತ್ತದೆ. ಈ ಮಾತನ್ನು ಪುಸ್ತಕ ಹೇಳುತ್ತದೆಯಾ ನೋಡಿಕೊಳ್ಳಿ.

ಚೀನಾಕ್ಕೆ ಆನ್ ಬಿರೆಲ್ (1993). ಪಾನ್‌ಗು ಅನ್ನುವ ಆದಿಪುರುಷನ ದೇಹದಿಂದ ಜಗತ್ತು ಆಯಿತು ಅನ್ನುವ ಕಥೆಯನ್ನು ಜಾಗತಿಕ ಸಂಪುಟಗಳು ಚೀನಾದ ಅಧ್ಯಾಯದ ಮೊದಲಲ್ಲೇ ಇಡುತ್ತವೆ. ಆದರೆ ಅದು ಬರಹದಲ್ಲಿ ಸಿಗುವುದು ಕ್ರಿ.ಶ. 3ನೇ ಶತಮಾನದಲ್ಲಿ, ಬೇರೆ ಎಷ್ಟೋ ಚೀನೀ ಕಥೆಗಳಿಗಿಂತ ತಡವಾಗಿ. ಬಿರೆಲ್ ಮೂಲ ಭಾಗಗಳನ್ನೇ ಅನುವಾದಿಸಿ ಕೊಡುವುದರಿಂದ ಇಂಥದ್ದು ತಾನಾಗಿ ಗೊತ್ತಾಗುತ್ತದೆ.

ಮಾಯಾ ಜನರ ಪುರಾಣಗ್ರಂಥ ‘ಪೊಪೊಲ್ ವುಹ್’ಗೆ ಡೆನಿಸ್ ಟೆಡ್ಲಾಕ್ ಅಥವಾ ಆಲನ್ ಕ್ರಿಸ್ಟೆನ್ಸನ್ ಅನುವಾದ. ಟೆಡ್ಲಾಕ್ ಓದಲು ಕಾವ್ಯದಂತಿದೆ. ಕ್ರಿಸ್ಟೆನ್ಸನ್ ಪದಕ್ಕೆ ಪದ ಇಟ್ಟ ಅನುವಾದವನ್ನೂ ಬೇರೆಯಾಗಿ ಕೊಟ್ಟಿದ್ದಾರೆ, ಅಧ್ಯಯನಕ್ಕೆ ಅದು ಮೇಲು. ಐರ್ಲೆಂಡ್, ವೇಲ್ಸ್ ಕಡೆಯ ಕೆಲ್ಟಿಕ್ ಕಥೆಗಳಿಗೆ ಜೇಮ್ಸ್ ಮ್ಯಾಕಿಲಪ್ ಅವರ ನಿಘಂಟು (1998). ಭಾರತದ ಪುರಾಣಗಳಿಗೆ ವೆಟ್ಟಂ ಮಾಣಿ ಅವರ ‘ಪುರಾಣಿಕ್ ಎನ್‌ಸೈಕ್ಲೊಪೀಡಿಯಾ’ ಇದೆ. ಮಲಯಾಳಂನಲ್ಲಿ 1964ರಲ್ಲಿ ಶುರುವಾದದ್ದು, ಇಂಗ್ಲಿಷಿನಲ್ಲಿ 1975ರಲ್ಲಿ ಬಂತು. ಯಾವ ಪರ್ವ, ಯಾವ ಅಧ್ಯಾಯ ಅಂತ ಅಲ್ಲಲ್ಲೇ ಹೇಳುವುದು ಅದರ ಬಲ.

ಬಾಯಿಂದ ಬಾಯಿಗೆ ಬಂದ ಪುರಾಣಗಳ ಮಾತು ಬಂದಾಗ ಇನ್ನೂ ಒಂದು ಪ್ರಶ್ನೆ ಕೇಳಬೇಕು: ಕಥೆ ಹೇಳಿದವರು ಯಾರು? ಜಾರ್ಜ್ ಗ್ರೇ 1855ರಲ್ಲಿ ಪ್ರಕಟಿಸಿದ ‘ಪಾಲಿನೇಷಿಯನ್ ಮಿಥಾಲಜಿ’ ಇವತ್ತಿಗೂ ಜಾಗತಿಕ ಸಂಪುಟಗಳಿಗೆ ಆಧಾರ. ಗ್ರೇ ನ್ಯೂಜಿಲೆಂಡಿನ ಗವರ್ನರ್ ಆಗಿದ್ದವರು. ಅದರ ದೊಡ್ಡ ಪಾಲು ಟೆ ರಂಗಿಕಾಹೆಕೆ ಅನ್ನುವ ಮಾವೋರಿ ವಿದ್ವಾಂಸರ ಹಸ್ತಪ್ರತಿಗಳಿಂದ ಬಂದದ್ದು. ಗ್ರೇ ಬೇರೆ ಬೇರೆ ಪಾಠಗಳನ್ನು ಸೇರಿಸಿದರು, ತಿದ್ದಿದರು. ಆ ವಿದ್ವಾಂಸರ ಹೆಸರು ಹೇಳುವ ಪುಸ್ತಕಕ್ಕೆ ನನ್ನ ಮೊದಲ ಮಣೆ. ಫಿನ್ಲೆಂಡಿನ ‘ಕಲೆವಾಲ’ವೂ ಇಂಥದ್ದೇ. ಜನ ಹಾಡುತ್ತಿದ್ದ ಹಾಡುಗಳನ್ನು ಎಲಿಯಾಸ್ ಲೊನ್‌ರೋಟ್ ಸಂಗ್ರಹಿಸಿ, ಹೊಲಿದು, 1835ರಲ್ಲಿ ಒಂದು ಕಾವ್ಯ ಮಾಡಿದರು. 1849ರಲ್ಲಿ ಇನ್ನೂ ಹಿಗ್ಗಿಸಿದರು. ಈಗ ನಾವು ಓದುವುದು ಆ ಎರಡನೆಯದನ್ನು.

ರೆಫರೆನ್ಸ್ ಅಂತ ಕೊಳ್ಳಬಾರದ ಪುಸ್ತಕಗಳು

ಜೋಸೆಫ್ ಕ್ಯಾಂಬೆಲ್ ಅವರ ‘ದಿ ಹೀರೋ ವಿತ್ ಎ ಥೌಸಂಡ್ ಫೇಸಸ್’ (1949), ಫ್ರೇಜರ್ ಅವರ ‘ದಿ ಗೋಲ್ಡನ್ ಬೌ’ (1890). ಎರಡೂ ದೊಡ್ಡ ಪ್ರಭಾವ ಬೀರಿದ ಪುಸ್ತಕಗಳು. ಆದರೆ ಇಬ್ಬರಿಗೂ ಒಂದು ವಾದ ಸಾಧಿಸಬೇಕಿತ್ತು. ವಾದಕ್ಕೆ ಹೊಂದುವ ಕಥೆಗಳು ಮುಂದೆ ಬರುತ್ತವೆ, ಹೊಂದದವು ಹಿಂದೆ ಉಳಿಯುತ್ತವೆ. ವಾದ ತಿಳಿಯಲು ಓದಿ. ‘ಈ ಜನ ಹೀಗೆ ನಂಬುತ್ತಿದ್ದರು’ ಅಂತ ಬರೆಯಲು ಇವುಗಳನ್ನು ಆಧಾರ ಮಾಡಿಕೊಳ್ಳಬೇಡಿ.

ನಾಡು ನಾಡುಗಳ ಕಥೆಗಳನ್ನು ಹೋಲಿಸುವುದೇ ನಿಮ್ಮ ಉದ್ದೇಶವಾದರೆ ಸ್ಟಿತ್ ಥಾಂಪ್ಸನ್ ಅವರ ‘ಮೋಟಿಫ್ ಇಂಡೆಕ್ಸ್’ ನೋಡಿ. ಪರಿಷ್ಕೃತ ಆವೃತ್ತಿ 1955ರಿಂದ 1958ರವರೆಗೆ ಆರು ಸಂಪುಟಗಳಲ್ಲಿ ಬಂತು. ಇದರಲ್ಲಿ ಕಥೆ ಇಲ್ಲ. ಕಥೆಯ ಒಂದೊಂದು ಅಂಶಕ್ಕೂ ಒಂದು ಸಂಖ್ಯೆ ಇದೆ. ಪ್ರಳಯ ಬೇಕಾದರೆ ಎ1010 ತೆಗೆಯಿರಿ. ಯಾವ ಯಾವ ನಾಡಿನ, ಯಾವ ಯಾವ ಸಂಗ್ರಹದಲ್ಲಿ ಪ್ರಳಯದ ಕಥೆ ಇದೆ ಅಂತ ಸಾಲು ಸಾಲಾಗಿ ಸಿಗುತ್ತದೆ. ಇದನ್ನು ಕೊಳ್ಳಬೇಕಾಗಿಲ್ಲ, ದೊಡ್ಡ ಲೈಬ್ರರಿಯಲ್ಲಿ ಕೂತು ನೋಡಿಕೊಳ್ಳುವಂಥದ್ದು.

ಒಂದೇ ಪುಸ್ತಕ ಕೊಳ್ಳುವವರು ವಿಲ್ಲಿಸ್ ಕೊಳ್ಳಿ. ಮೂರು ಕೊಳ್ಳುವವರು ವಿಲ್ಲಿಸ್ ಜೊತೆಗೆ ನಿಮಗೆ ಅತಿ ಇಷ್ಟವಾದ ಒಂದು ನಾಡಿನ ನಿಘಂಟು, ಅದೇ ನಾಡಿನ ಒಂದು ಮೂಲಗ್ರಂಥದ ಅನುವಾದ ತೆಗೆದುಕೊಳ್ಳಿ. ನಾಲ್ಕು ಜಾಗತಿಕ ಸಂಪುಟಗಳನ್ನು ಇಟ್ಟುಕೊಂಡರೆ ಅದದೇ ಕಥೆಗಳು ನಾಲ್ಕು ಸಲ ಸಿಗುತ್ತವೆ, ಅಷ್ಟೇ. ಮಕ್ಕಳಿಗಾದರೆ ಗ್ರೀಕ್ ಕಥೆಗಳಿಗೆ ಡಾಲೇರ್ ದಂಪತಿಗಳ 1962ರ ಸಚಿತ್ರ ಪುಸ್ತಕ ಕೊಡಿ, ನಿಘಂಟು ಆಮೇಲೆ.

ಕೊನೆಗೆ ಕೈಗೆ ಎತ್ತಿಕೊಂಡು ನೋಡಬೇಕಾದದ್ದು ಪದಸೂಚಿ. ಒಂದೇ ದೇವರಿಗೆ ನಾಲ್ಕು ಹೆಸರು ಇರುವ ಕ್ಷೇತ್ರ ಇದು. ಮೆಸೊಪೊಟೇಮಿಯಾದ ದೇವತೆಯನ್ನು ಇನಾನ್ನಾ ಅಂತ ಹುಡುಕಿದರೆ ‘ಇಷ್ಟಾರ್ ನೋಡಿ’ ಅಂತ ದಾರಿ ತೋರಿಸಬೇಕು. ತೋರಿಸದಿದ್ದರೆ ಆ ಪುಸ್ತಕದಲ್ಲಿ ಇರುವುದೂ ನಿಮಗೆ ಸಿಗುವುದಿಲ್ಲ. ಹಳೆ ಪುಸ್ತಕ ಕೊಳ್ಳುವಾಗ ಸಂಪುಟಗಳೆಲ್ಲ ಇವೆಯಾ ಎಣಿಸಿಕೊಳ್ಳಿ. ಗ್ರೇವ್ಸ್ ಮೊದಲು ಬಂದದ್ದು ಎರಡು ಭಾಗಗಳಲ್ಲಿ, ಗಾಂಟ್ಜ್ ಪೇಪರ್‌ಬ್ಯಾಕ್ ಕೂಡ ಎರಡು ಭಾಗ. ‘ಗೋಲ್ಡನ್ ಬೌ’ ಅಂತ ಒಂದೇ ಸಂಪುಟ ಸಿಕ್ಕರೆ ಅದು ಬಹುಶಃ 1922ರ ಸಂಕ್ಷಿಪ್ತ ರೂಪ. ಅದರಲ್ಲಿ ಅಡಿಟಿಪ್ಪಣಿಗಳನ್ನೆಲ್ಲ ಕೈಬಿಟ್ಟಿದ್ದಾರೆ, ಫ್ರೇಜರ್ ಯಾವ ಕಥೆಯನ್ನು ಎಲ್ಲಿಂದ ತಂದರು ಅಂತ ಹುಡುಕಲು ದೊಡ್ಡ ಆವೃತ್ತಿಗೇ ಹೋಗಬೇಕು.